ಮಾಂದಿ ಅಯ್ನೋರು

ನಂಜನಗೂಡಿನಲ್ಲಿ ಯಾವುದೋ ಸಣ್ಣ ಕೆಲಸ ಮುಗಿಸಿ ಮೈಸೂರಿನ ಬಸ್ಸು ಹತ್ತಿ ಕೂತಿದ್ದೆ. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಬಾಳೆಹಣ್ಣಿನ ಮಾತಾಡುತ್ತಿದ್ದರು. ಮಾತಿನ ನಡುವೆ ಒಬ್ಬಳು ಹೇಳಿದಳು: "ಮಾಂದಿ ಅಯ್ನೋರು ಶಿವನ ಪಾದ ಸೇರ್ಬುಟ್ರಂತೆ ಕಣಕ್ಕ."

"ಯಾವಾಗ್ಲೇ?"

"ಓದ್ ವಾರವಂತೆ. ಬೆಳಗ್ಗೆ ಹೂ ಬಿಡಿಸ್ತಾ ನಿಂತಿದ್ರಂತೆ, ಅಂಗೇ."

ಬಸ್ಸು ಇನ್ನೂ ಸೇತುವೆ ದಾಟಿರಲಿಲ್ಲ. ಇಳಿದುಬಿಡೋಣವೇ ಅನಿಸಿತು. ಇಳಿದು ಎಲ್ಲಿಗೆ ಹೋಗುವುದು? ಮಣ್ಣು ಮಾಡಿ ವಾರವಾಗಿದೆ. ಅವರ ಮನೆಯಲ್ಲಿ ಬಾಡಿಗೆಗಿದ್ದ ನಾನು ವರ್ಗವಾಗಿ ಮೈಸೂರು ಸೇರಿದ ಮೇಲೆ ಅಲ್ಲಿಗೆ ಹೋಗಿದ್ದು ಅಪರೂಪ, ನನಗೆ ಹೇಳಿ ಕಳಿಸಲಿಲ್ಲ ಎಂದು ಯಾರ ಮೇಲೂ ಬೇಸರ ಮಾಡಿಕೊಳ್ಳುವ ಹಾಗಿಲ್ಲ. ಆದರೂ ಆ ದಿನವೆಲ್ಲ ಕೂತಲ್ಲಿ ಕೂರಲಾಗಲಿಲ್ಲ. ಅವರ ಬಗ್ಗೆ ಯಾರಿಗಾದರೂ ಹೇಳಬೇಕು ಅನಿಸುತ್ತಲೇ ಇತ್ತು. ಹೇಳುವುದು ಎಲ್ಲಿಂದ ಎಂಬುದೇ ತಿಳಿಯುತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ನನಗೆ ನರಸೀಪುರದ ಕಚೇರಿಯೊಂದರಲ್ಲಿ ಗುಮಾಸ್ತೆ ಕೆಲಸ. ಹೆಂಡತಿಗೆ ನಂಜನಗೂಡಿನ ಶಾಲೆಯಲ್ಲಿ ಕೆಲಸ. ಹಾಗಾಗಿ ನಂಜನಗೂಡಿನಲ್ಲೇ ಮನೆ ಹುಡುಕಿದೆವು. ಜಾತಕ ಬರೆಯುವ ಅಯ್ನೋರ ಮನೆಯ ಮುಂಭಾಗ ಖಾಲಿಯಿತ್ತು. ನಾನು ಬಾಗಿಲಲ್ಲಿ ನಿಂತು ಬಾಡಿಗೆ ವಿಚಾರ ಎತ್ತಿದರೆ ಅವರು ಕೇಳಿದ್ದು, "ನೀವು ಹುಟ್ಟಿದ್ದು ಎಷ್ಟು ಹೊತ್ತಿಗೆ?"

"ಗೊತ್ತಿಲ್ಲ ಅಯ್ನೋರೆ. ದನ ಬಿಡೋ ಹೊತ್ತು ಅಂತ ಅವ್ವ ಹೇಳ್ತಿದ್ಲು."

"ದನ ಬಿಡೋ ಹೊತ್ತು ಬೇಸಿಗೇಲಿ ಒಂದು, ಮಳೆಗಾಲದಲ್ಲಿ ಒಂದು. ಯಾವ ತಿಂಗಳು?"

"ಆಷಾಢ."

ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿತು. "ಕರ್ಕಾಟಕ ಲಗ್ನ. ಒಳಗೆ ಬನ್ನಿ." ಅಂದಿನಿಂದ ನಾನು ಅವರ ಮನೆಯಲ್ಲಿದ್ದಷ್ಟು ಕಾಲವೂ ನನ್ನ ಹೆಸರು ಕರ್ಕಾಟಕವೇ. "ಏನು ಕರ್ಕಾಟಕ, ಆಫೀಸಿಗೆ ಹೊರಟ್ರಾ?" ನನ್ನ ಹೆಂಡತಿ ತುಲಾ. ಹಾಲು ಹಾಕುವವನು ಮಕರ. ಮುಖ ಮರೆಯುತ್ತಿದ್ದರು, ಹೆಸರಂತೂ ಕೇಳಿದ ಗಳಿಗೆಯಲ್ಲೇ ಮರೆಯುತ್ತಿದ್ದರು. ಒಮ್ಮೆ ಬರೆದ ಜಾತಕ ಮಾತ್ರ ಮರೆಯುತ್ತಿರಲಿಲ್ಲ. ಬೀದಿಯಲ್ಲಿ ಯಾರಾದರೂ ನಮಸ್ಕಾರ ಹಾಕಿದರೆ ಕಣ್ಣು ಕಿರಿದು ಮಾಡಿಕೊಂಡು ನೋಡಿ, "ನೀನು ಎಂಟರಲ್ಲಿ ಕುಜ ಅಲ್ವಾ? ಕಾಲು ನೋವು ಹೆಂಗಿದೆ?" ಅನ್ನುತ್ತಿದ್ದರು.

ಆಗ ಅವರಿಗೆ ಐವತ್ತು ದಾಟಿತ್ತು. ತೆಳ್ಳಗೆ, ಉದ್ದಕ್ಕೆ, ಹಣೆ ತುಂಬ ವಿಭೂತಿ. ನಿಂತಲ್ಲಿ ನಿಲ್ಲುವ ಜಾಯಮಾನವಲ್ಲ. ತಿಂಡಿ ತಟ್ಟೆ ಕೈಯಲ್ಲಿ ಹಿಡಿದು ಹಜಾರದಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಹಜಾರಕ್ಕೆ ನಡೆಯುತ್ತ ತಿನ್ನುತ್ತಿದ್ದರು. ಬಸ್‌ಸ್ಟಾಪಿನಲ್ಲಿ ಕಾಯಲಾರದೆ ಮುಂದಿನ ಸ್ಟಾಪಿಗೆ ನಡೆದು, ಅಷ್ಟರಲ್ಲಿ ಬಸ್ಸು ಅವರನ್ನು ದಾಟಿ ಹೋಗಿ, ಅದರಾಚೆಯ ಸ್ಟಾಪಿಗೆ ನಡೆಯುವುದು. ರೇಡಿಯೋದಲ್ಲಿ ಕ್ರಿಕೆಟ್ ಬಂದರೆ ಓವರಿಗೆ ಎಷ್ಟು ರನ್ ಬೇಕು ಎಂದು ವೀಕ್ಷಕ ವಿವರಣೆಯವನಿಗಿಂತ ಮೊದಲೇ ಹೇಳಿ, ಕೊನೆಯ ಓವರು ಬರುವ ಹೊತ್ತಿಗೆ ತಾಳಲಾರದೆ ಬೀದಿಗೆ ಹೋಗಿಬಿಡುತ್ತಿದ್ದರು. ಯಾರು ಗೆದ್ದರು ಎಂದು ನಾವೇ ಕೂಗಿ ಹೇಳಬೇಕಿತ್ತು.

"ಇವರನ್ನ ಹೆತ್ತವ್ರು ಓಡ್ತಾ ಓಡ್ತಾ ಹೆತ್ತಿರ್ಬೇಕು," ಎಂದು ಅಮ್ನೋರು, ಅಂದರೆ ಅವರ ಹೆಂಡತಿ, ನನ್ನ ಹೆಂಡತಿಯ ಹತ್ತಿರ ಹೇಳುತ್ತಿದ್ದರು. ಮಕ್ಕಳಿಲ್ಲದ ಮನೆ. ಆದರೆ ಆ ಮನೆಯಲ್ಲಿ ಮೌನ ಎಂಬುದನ್ನು ನಾನು ಕೇಳಲೇ ಇಲ್ಲ. ಜಾತಕ ಬರೆಸುವವರು, ಹೆಣ್ಣು ಗಂಡು ಕೂಡಿಸುವವರು, ಬಾವಿ ತೋಡಿಸುವವರು ಬರುತ್ತಲೇ ಇದ್ದರು. ಬನ್ನೂರು, ಕಳಲೆ, ಹೆಮ್ಮಿಗೆ ಕಡೆಯಿಂದಲೂ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು.

ಅಷ್ಟೊಂದು ಜನ ಬರುತ್ತಿದ್ದುದು ಮಾಂದಿಗಾಗಿ. ಬೇರೆಯವರು ಒಂಬತ್ತು ಗ್ರಹ ಹೇಳಿ ನಿಲ್ಲಿಸಿದರೆ ಇವರು ಮಾಂದಿ ಎಲ್ಲಿದ್ದಾನೆ ಎಂದು ಹೇಳುತ್ತಿದ್ದರು. ನನಗೆ ಅದೇನೆಂದು ಗೊತ್ತಿರಲಿಲ್ಲ. ಒಂದು ಭಾನುವಾರ ಅವರೇ ಹೇಳಿಕೊಟ್ಟರು. ಹುಟ್ಟಿದ ದಿನದ ಹಗಲು ಎಷ್ಟು ಉದ್ದವೋ ಅದನ್ನು ಎಂಟು ಪಾಲು ಮಾಡಬೇಕು. ಆ ವಾರದ ಗ್ರಹದಿಂದ ಶುರುಮಾಡಿ ಸಾಲಾಗಿ ಒಬ್ಬೊಬ್ಬರಿಗೆ ಒಂದೊಂದು ಪಾಲು. ಎಂಟನೆಯದು ಯಾರಿಗೂ ಇಲ್ಲ. ಶನಿಗೆ ಬಂದ ಪಾಲಿನ ಹೊತ್ತಿನಲ್ಲಿ ಮೂಡಣದಲ್ಲಿ ಯಾವ ರಾಶಿ ಏಳುತ್ತಿರುತ್ತದೋ ಅಲ್ಲಿ ಮಾಂದಿ ಕೂತ ಎಂದು ಲೆಕ್ಕ. ಶನಿಯ ಮಗನಂತೆ. ಗುಳಿಕ ಅಂತಲೂ ಅನ್ನುತ್ತಾರೆ, ಎರಡೂ ಬೇರೆ ಅನ್ನುವವರೂ ಇದ್ದಾರಂತೆ.

"ಅಂದ್ರೆ ಅಲ್ಲಿ ಏನೂ ಇರೋದಿಲ್ಲ," ಅಂದೆ.

"ಏನೂ ಇಲ್ಲ. ಮುಗಿಲೆಲ್ಲ ಹುಡುಕಿದ್ರೂ ಒಂದು ಚುಕ್ಕಿ ಇಲ್ಲ. ರಾಹು ಕೇತುನೂ ಕಾಣದೋರೇ, ಆದ್ರೆ ಗ್ರಹಣದ ದಿವಸ ಅವರ ನೆರಳಾದ್ರೂ ಬೀಳುತ್ತೆ. ಇವನಿಗೆ ಅದೂ ಇಲ್ಲ. ಲೆಕ್ಕ ಮಾಡಿದ್ರೆ ಇದ್ದಾನೆ, ಮಾಡದಿದ್ರೆ ಇಲ್ಲ."

"ಮತ್ತೆ ಇಲ್ಲದೋನು ಏನು ಮಾಡ್ತಾನೆ?"

ನಡೆಯುತ್ತಿದ್ದವರು ಗಕ್ಕನೆ ನಿಂತರು. "ಮಧ್ಯಾಹ್ನ ಹನ್ನೆರಡು ಗಂಟೆ ಅನ್ನೋದು ಎಲ್ಲಿದೆ ತೋರಿಸಿ ನೋಡೋಣ. ಅದನ್ನೂ ಲೆಕ್ಕ ಮಾಡಿದ್ದೇ. ಹನ್ನೆರಡಾಯ್ತು ಅಂದ್ರೆ ಊರೆಲ್ಲ ಊಟಕ್ಕೆ ಏಳಲ್ವಾ?"

ಅವರ ತಂದೆ ಕಲಿಸಿದ ವಿದ್ಯೆ ಅದು. ಆ ತಂದೆ ಬಹಳ ಕಟ್ಟುನಿಟ್ಟಿನವರಂತೆ. ಹತ್ತಿರದ ಸಂಖ್ಯೆಗೆ ತಳ್ಳಿ ಲೆಕ್ಕ ಮುಗಿಸಿದರೆ ಪೂರ್ತಿ ಅಳಿಸಿ ಮತ್ತೆ ಮಾಡಿಸುತ್ತಿದ್ದರಂತೆ. ಶನಿಯ ಪಾಲು ಮುಗಿಯುವ ಗಳಿಗೆಯಲ್ಲಿ ಏಳುವ ರಾಶಿಯನ್ನೇ ತೆಗೆದುಕೊಳ್ಳಬೇಕು ಎಂಬುದು ತಂದೆಯ ಪಾಠ. ಅಯ್ನೋರು ಅದರಂತೆಯೇ ಎಷ್ಟೋ ವರ್ಷ ಬರೆದರು, ಹೇಳಿದರು. ಏಳನೇ ಮನೆಯಲ್ಲಿ ಮಾಂದಿ ಬಂದರೆ ಮದುವೆಗೆ ಕೇಡು, ನಾಲ್ಕರಲ್ಲಿ ಬಂದರೆ ಮನೆಗೆ, ತಾಯಿಗೆ. ಹೇಳುವಾಗ ದನಿ ತಗ್ಗಿಸುತ್ತಿರಲಿಲ್ಲ, ಸುತ್ತಿ ಬಳಸುತ್ತಿರಲಿಲ್ಲ. ಜನಕ್ಕೆ ಅದೇ ಹಿಡಿಸಿತ್ತು.

ಆಮೇಲೆ ಊರಿಗೆ ಕಂಪ್ಯೂಟರ್ ಬಂತು. ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿಯವನು ಜಾತಕವನ್ನೂ ಅದರಲ್ಲೇ ತೆಗೆದುಕೊಡಲು ಶುರುಮಾಡಿದ. ಒಂದು ದಿನ ಯಾರೋ ಎರಡೂ ಹಿಡಿದು ಬಂದರು, ಅಯ್ನೋರು ಬರೆದದ್ದು ಮತ್ತು ಕಂಪ್ಯೂಟರಿನದು. "ಇದ್ರಲ್ಲಿ ಮಾಂದಿ ಐದರಲ್ಲಿ ಅಂತದೆ, ನೀವು ಆರರಲ್ಲಿ ಅಂದಿದ್ರಿ. ಯಾವ್ದು ಸರಿ ಬುದ್ಧಿ?"

ಅಯ್ನೋರು ನಕ್ಕು ಕಾಗದವನ್ನು ಕೈಗೆ ತೆಗೆದುಕೊಂಡರು. ಲೆಕ್ಕ ಮಾಡಿದರು. ತಿರುಗಿ ಮಾಡಿದರು. ಆ ದಿನ ಬಂದಿದ್ದ ಮಿಕ್ಕವರನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿಬಿಟ್ಟರು. ಸಂಜೆ ನಾನು ಕಚೇರಿಯಿಂದ ಬಂದಾಗ ಹಿತ್ತಿಲಲ್ಲಿ ಅಡ್ಡಾಡುತ್ತಿದ್ದರು.

"ಅದು ತಪ್ಪು ಮಾಡಿಲ್ಲ," ಅಂದರು. "ನಾನೂ ತಪ್ಪು ಮಾಡಿಲ್ಲ. ಅದು ಶನಿಯ ಪಾಲಿನ ಮೊದಲು ತಗೊಂಡಿದೆ, ನಾನು ಕೊನೆ ತಗೊಂಡಿದ್ದೀನಿ."

"ಹಾಗಾದ್ರೆ ಅದರಲ್ಲಿ ಹಾಕಿರೋದೇ ತಪ್ಪು."

"ಹಾಗಂತ ಹೇಳಿಬಿಟ್ರೆ ಆಯ್ತಾ?"

ಮರುದಿನವೇ ಮೈಸೂರಿಗೆ ಹೋದರು. ಹಳೆಯ ಗ್ರಂಥ ಇಟ್ಟುಕೊಂಡಿದ್ದವರ ಮನೆ, ಸಂಸ್ಕೃತ ಬಲ್ಲವರ ಮನೆ ಎಂದು ಒಂದು ತಿಂಗಳು ತಿರುಗಿದರು. ಮಳೆಯಲ್ಲಿ ನೆನೆದು ಜ್ವರ ಬಂದರೂ ನಿಲ್ಲಿಸಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ನನ್ನ ಬಾಗಿಲಿಗೆ ಬಂದು ನಿಂತರು. ಕಣ್ಣು ಕೆಂಪಗಿತ್ತು.

"ಅಪ್ಪ ಹೇಳಿದ್ದಕ್ಕೆ ಆಧಾರ ಇದೆ ಕರ್ಕಾಟಕ. ಇದಕ್ಕೂ ಇದೆ. ದೊಡ್ಡದೊಡ್ಡೋರೇ ಎರಡು ಥರ ಹೇಳಿದ್ದಾರೆ. ಅಪ್ಪ ನನಗೆ ಒಂದೇ ಹೇಳಿಕೊಟ್ರು."

"ಅದಕ್ಕೇನೀಗ?"

"ಏನೀಗ ಅಂದ್ರೆ? ಪಾಲಿನ ಆ ತುದಿಗೂ ಈ ತುದಿಗೂ ಸುಮಾರು ಒಂದು ಮನೆ ಸರಿಯುತ್ತೆ. ಏಳು ಆರಾಗುತ್ತೆ. ಏಳರಲ್ಲಿ ಇದ್ರೆ ಸಂಸಾರ ಹಾಳು ಅಂತೀವಿ. ಆರರಲ್ಲಿ ಇದ್ರೆ ಶತ್ರುನಾಶ, ಒಳ್ಳೇದು ಅಂತೀವಿ. ನಾನು ಎಷ್ಟು ಜನಕ್ಕೆ ಹೇಳಿದ್ದೀನಿ ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು, ಎಲ್ಲ ಜಾತಕವೂ ತಲೆಯಲ್ಲಿತ್ತಲ್ಲ. ಮುಖ ಮರೆಯುವ ಮನುಷ್ಯನಿಗೆ ಅವೆಲ್ಲ ಒಂದೊಂದಾಗಿ ಎದ್ದು ಬರತೊಡಗಿದವು.

ಅಂದಿನಿಂದ ಅವರು ನನ್ನ ಸ್ಕೂಟರಿನ ಹಿಂದೆ ಕೂರಲು ಶುರುಮಾಡಿದರು. ನಾನು ನರಸೀಪುರಕ್ಕೆ ಹೋಗುವಾಗ ಜೊತೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಬನ್ನೂರು, ಮತ್ತೊಂದೂರು. ರಜೆಯ ದಿನ ನನ್ನನ್ನೇ ಕರೆದುಕೊಂಡು ಹೋಗುತ್ತಿದ್ದರು. ಹೋಗುವುದು, ಬಾಗಿಲಲ್ಲಿ ನಿಲ್ಲುವುದು, "ನಾನು ಆಗ ಹೇಳಿದ್ದೆನಲ್ಲ, ಅದು ಹಾಗೆ ಇಲ್ಲದೆಯೂ ಇರಬಹುದು" ಎನ್ನುವುದು.

ಬನ್ನೂರಿನ ಒಬ್ಬ ಅಕ್ಕಿ ವ್ಯಾಪಾರಿ ಕಾಫಿ ತರಿಸಿಕೊಟ್ಟು ನಕ್ಕ. "ನೀವು ಬೇಡ ಅಂದಿದ್ದಕ್ಕೆ ಪಾಲುದಾರನ್ನ ಬಿಟ್ಟೆ, ಬಿಟ್ಟಿದ್ದಕ್ಕೆ ಉಳ್ಕೊಂಡೆ. ಈಗ ಬಂದು ತಲೆ ಕೆಡಿಸ್ಬೇಡಿ ಬುದ್ಧಿ." ಕಳಲೆಯಲ್ಲಿ ಒಬ್ಬ ನಗಲಿಲ್ಲ. ನಾಲ್ಕರಲ್ಲಿ ಮಾಂದಿ, ಹೊಸ ಮನೆ ಆಗಿಬರುವುದಿಲ್ಲ ಎಂದಿದ್ದಕ್ಕೆ ಅವನು ಕಟ್ಟಿಸಿದ ಮನೆಯನ್ನು ಬಾಡಿಗೆಗೆ ಕೊಟ್ಟು ತಾನು ಹಳೆಯ ಮನೆಯಲ್ಲೇ ಉಳಿದಿದ್ದ. ಎಲ್ಲ ಕೇಳಿಸಿಕೊಂಡು, ದನಕ್ಕೆ ಹುಲ್ಲು ಹಾಕುತ್ತಲೇ ಹೇಳಿದ: "ನಮ್ಮವ್ವ ಆ ಮನೇಲಿ ಒಂದ್ ದಿವ್ಸ ಮಲಿಕೋಬೇಕು ಅಂತಿದ್ಲು. ಆಸೆ ಪಟ್ಕೊಂಡೇ ಓದ್ಲು. ನೀವು ಓಗ್ಬನ್ನಿ ಬುದ್ಧಿ."

ವಾಪಸು ಬರುವಾಗ ಅಯ್ನೋರು ಸ್ಕೂಟರು ಹತ್ತಲಿಲ್ಲ. "ನೀವು ನಡೀರಿ, ನಾನು ಬರ್ತೀನಿ" ಎಂದು ರಸ್ತೆಗುಂಟ ನಡೆಯತೊಡಗಿದರು. ನಾನು ಅವರ ಪಕ್ಕದಲ್ಲೇ ಸ್ಕೂಟರು ತಳ್ಳಿಕೊಂಡು ಬಹಳ ದೂರ ಬಂದೆ.

"ಯಾಕೆ ಹೋಗ್ತೀರಿ? ಯಾರೂ ಕೇಳ್ತಿಲ್ಲವಲ್ಲ," ಎಂದು ಅಮ್ನೋರು ಅತ್ತದ್ದೂ ಉಂಟು. ಅಯ್ನೋರು ಅದಕ್ಕೆ, "ಹೇಳೋವಾಗಲೂ ಅವರು ಇಷ್ಟು ಕೇಳಿರಲಿಲ್ಲ ಕಣೇ. ನಾನೇ ಹೆಚ್ಚಿಗೆ ಹೇಳ್ದೆ" ಅಂದರು.

ಹೆಮ್ಮಿಗೆಗೆ ಹೋಗುವುದನ್ನು ಮಾತ್ರ ಮುಂದಕ್ಕೆ ಹಾಕುತ್ತಲೇ ಇದ್ದರು. ಅಲ್ಲಿ ಮಾದಪ್ಪ ಎಂಬ ಭತ್ತದ ಬೇಸಾಯಗಾರರ ಮಗಳು ಸುಂದ್ರಮ್ಮ. ಎಷ್ಟೋ ವರ್ಷದ ಕೆಳಗೆ ಅವಳಿಗೆ ಕಳಲೆಯ ಕಡೆಯ ಗಂಡು ಗೊತ್ತಾಗಿ, ವೀಳ್ಯ ಬದಲಾಯಿಸುವ ಹೊತ್ತಿಗೆ ಮಾದಪ್ಪ ಜಾತಕ ತಂದು ತೋರಿಸಿದ್ದರು. ಏಳರಲ್ಲಿ ಮಾಂದಿ. ಕಟ್ಟಿದ ತಾಳಿ ಉಳಿಯುವುದಿಲ್ಲ ಎಂದು ಅಯ್ನೋರು ತಮ್ಮ ಎಂದಿನ ದನಿಯಲ್ಲೇ ಹೇಳಿದ್ದರು. ಮಾದಪ್ಪ ಮದುವೆ ನಿಲ್ಲಿಸಿದರು. ಮಾತು ಊರೂರಿಗೆ ಹೋಯಿತು, ಮತ್ತೆ ಗಂಡುಗಳು ಬರಲಿಲ್ಲ, ಬಂದ ಒಂದೆರಡನ್ನು ಮಾದಪ್ಪನೇ ಹೆದರಿ ಬೇಡವೆಂದರು. ಹುಡುಗಿ ಅಂಗನವಾಡಿ ಟೀಚರಾದಳು.

ಕೊನೆಗೊಂದು ದಿನ ನಾವು ಹೋದಾಗ ಅವಳು ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದಳು. ಮೂವತ್ತು ದಾಟಿದ, ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದ ಹೆಂಗಸು. ಅಯ್ನೋರನ್ನು ನೋಡಿ ಕೈ ತೊಳೆದುಕೊಂಡು ಹೊರಗೆ ಬಂದು ನಮಸ್ಕಾರ ಮಾಡಿದಳು. ಅಯ್ನೋರು ಹುಣಸೆಮರದ ನೆರಳಿನಲ್ಲಿ ಅತ್ತಿಂದಿತ್ತ ಓಡಾಡುತ್ತ, ಮೊದಲು, ಕೊನೆ, ಆರು, ಏಳು ಎಲ್ಲವನ್ನೂ ಹೇಳಿದರು. ಅವಳು ಅಲ್ಲಾಡದೆ ನಿಂತು ಕೇಳಿದಳು.

"ಈಗ್ಯಾಕ್ ಬಂದ್ರಿ ಬುದ್ಧಿ?" ಅಂದಳು.

"ನಿನಗೆ ಗೊತ್ತಾಗಬೇಕಲ್ವೇನಮ್ಮ."

"ನಂಗೆ ಗೊತ್ತಾಗಿ ಏನಾಗ್ಬೇಕು? ನಿಮ್ ಮನ್ಸು ಅಗುರಾಯ್ತದೆ, ಅಷ್ಟೇಯ."

ಅಯ್ನೋರು ನಿಂತುಬಿಟ್ಟರು.

"ಅಪ್ಪುಂಗೆ ಏಳ್ಬ್ಯಾಡಿ," ಅಂದಳು ಅವಳು. "ನನ್ ಮದ್ವೆ ನಿಲ್ಸಿ ಊರೋರ ಕೈಲಿ ಮಾತು ಅನ್ನಿಸ್ಕೊಂಡವ್ರೆ. ನಮ್ಮಣ್ಣ ಅದೇ ಜಗಳದಲ್ಲಿ ಬ್ಯಾರೆ ಓದ. ಮಗಳ ಬಾಳು ಆಳಾಗೋದನ್ನ ತಪ್ಪಿಸ್ದೆ ಅನ್ನೋ ಒಂದ್ ಮಾತ್ ಇಟ್ಕೊಂಡು ಕುಂತವ್ರೆ. ಅದನ್ನ ಕಿತ್ಕೋಬ್ಯಾಡಿ."

"ನಾನು ಸುಳ್ಳು ಹೇಳೋದು ಹೆಂಗಮ್ಮ?"

"ಅವತ್ತು ಏಳಿದ್ದನ್ನೇ ಏಳಿ. ನಿಮಗೇನು ಒಸದಲ್ಲ."

ಒಳಗೆ ಯಾವುದೋ ಮಗು ಉಪ್ಪಿಟ್ಟು ಚೆಲ್ಲಿ ಅಳತೊಡಗಿತು. ಅವಳು ಹೋದಳು. ನಾವು ಹಾಗೇ ಹೊರಟುಬಿಡಬಹುದಿತ್ತು. ಆದರೆ ಅಯ್ನೋರು ಬಂದಿರುವುದು ಅಷ್ಟರಲ್ಲಿ ಮಾದಪ್ಪನವರಿಗೆ ತಿಳಿದು, ಕರೆಯಲು ಜನ ಕಳಿಸಿದ್ದರು.

ಮಾದಪ್ಪ ಜಗಲಿಯ ಮೇಲೆ ಒರಗಿ ಕೂತಿದ್ದರು. ಲಕ್ವ ಹೊಡೆದು ಒಂದು ಕೈ ಬಿದ್ದುಹೋಗಿತ್ತು. ಇನ್ನೊಂದು ಕೈಯಿಂದಲೇ ಅಯ್ನೋರ ಪಾದ ಮುಟ್ಟಿದರು. ಹಾಲು ತರಿಸಿದರು. ಅದೂ ಇದೂ ಮಾತಾಡಿದರು. ಕೊನೆಗೆ ತಲೆ ತಗ್ಗಿಸಿಕೊಂಡು ಕೇಳಿದರು:

"ಒಂದೊಂದ್ ಸಲ ಮಗಳ ಮೊಖ ನೋಡಕ್ ಆಗಕಿಲ್ಲ ಬುದ್ಧಿ. ನಾನು ಮಾಡಿದ್ದು ಸರಿ ಅಲ್ವಾ?"

"ಆವತ್ತು ನಮಗೆ ಗೊತ್ತಿದ್ದದ್ದರಲ್ಲಿ ನೀವು ಸರಿಯಾಗೇ ಮಾಡಿದ್ರಿ ಮಾದಪ್ಪನೋರೆ."

"ಅಂಗಲ್ಲ. ಏಳರಲ್ಲೇ ಇತ್ತಲ್ವಾ?"

ಅಯ್ನೋರ ಹೆಬ್ಬೆರಳು ಗೆಣ್ಣುಗಳ ಮೇಲೆ ಓಡುತ್ತಿದ್ದುದನ್ನು ನಾನು ನೋಡಿದೆ. ಲೆಕ್ಕ ಮಾಡುವುದು ಏನೂ ಉಳಿದಿರಲಿಲ್ಲ. ಬಾಗಿಲ ಹತ್ತಿರ ಸುಂದ್ರಮ್ಮ ಬಂದು ನಿಂತಿದ್ದಳು.

"ಏಳರಲ್ಲೇ ಇತ್ತು," ಅಂದರು.

ಮಾದಪ್ಪ ಕಣ್ಣು ಒರೆಸಿಕೊಂಡು, ಹಾಲು ಕುಡಿಯಿರಿ ಎಂದು ಒತ್ತಾಯ ಮಾಡಿದರು.

ದಾರಿಯಲ್ಲಿ ಒಂದು ನಾಲೆಯ ಹತ್ತಿರ ಅಯ್ನೋರು "ಸ್ಕೂಟರು ನಿಲ್ಲಿಸಿ" ಅಂದರು. ಇಳಿದು ಮುಖ ತೊಳೆದುಕೊಂಡು, ಏರಿಯ ಮೇಲೆ ಹೋಗುವುದು ಬರುವುದು ಮಾಡಿದರು. "ನಾನು ಹೇಳಿದ್ದು ಸುಳ್ಳಲ್ಲ ನೋಡಿ. ಅಪ್ಪನ ಲೆಕ್ಕದಲ್ಲಿ ಏಳರಲ್ಲೇ ಇದೆ. ನಿಜವೂ ಅಲ್ಲ. ಇಂಥ ಮಾತು ನನ್ನ ಬಾಯಲ್ಲಿ ಈವರೆಗೆ ಬಂದಿರಲಿಲ್ಲ." ಏರಿಯ ತುದಿಗೆ ಹೋಗಿ ತಿರುಗಿ ಬಂದು, "ಬಂದಿರಲಿಲ್ಲ ಅಂತ ಹೆಂಗೆ ಹೇಳಲಿ? ಬರೀ ಇಂಥದ್ದೇ ಬಂದಿದೆಯೇನೋ" ಅಂದರು.

ಆ ಮೇಲೆ ಅವರು ಊರೂರು ತಿರುಗುವುದನ್ನು ಬಿಟ್ಟರು. ತಳಮಳ ಮಾತ್ರ ಬಿಡಲಿಲ್ಲ. ಹೊಸದಾಗಿ ಬಂದವರಿಗೆ, "ಹೀಗೆ ತಗೊಂಡ್ರೆ ಇಲ್ಲಿದ್ದಾನೆ, ಹಾಗೆ ತಗೊಂಡ್ರೆ ಅಲ್ಲಿದ್ದಾನೆ" ಎಂದು ಎರಡನ್ನೂ ಹೇಳುತ್ತಿದ್ದರು. ಯಾವುದನ್ನು ನಂಬಬೇಕು ಬುದ್ಧಿ ಎಂದು ಕೇಳಿದರೆ, "ನನಗೆ ಗೊತ್ತಿಲ್ಲ ಕಣಪ್ಪ" ಅನ್ನುವರು. ದೂರದಿಂದ ಬುತ್ತಿ ಕಟ್ಟಿಕೊಂಡು ಬಂದವನಿಗೆ ಆ ಉತ್ತರ ಬೇಕಿರಲಿಲ್ಲ. ನೋಡುನೋಡುತ್ತಿದ್ದ ಹಾಗೆ ಜನ ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋಗತೊಡಗಿದರು. ಆದರೂ ಮಾಂದಿ ಅಯ್ನೋರು ಅನ್ನುವ ಹೆಸರು ಹೋಗಲಿಲ್ಲ. ಮನೆಯ ಮುಂದೆ ಚಪ್ಪಲಿಗಳು ಕಮ್ಮಿಯಾದವು. ನಾಲ್ಕು ಹೂವಿನ ಗಿಡ ಹಾಕಿಕೊಂಡು, ಅವುಗಳ ಸುತ್ತ ನಡೆಯುತ್ತಿದ್ದರು.

ಮಾದಪ್ಪನವರು ತೀರಿಕೊಂಡ ಸುದ್ದಿ ಬಂದದ್ದು ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾದ ಮೇಲೆ. ತಿಥಿಯೆಲ್ಲ ಮುಗಿದು ಕೆಲ ತಿಂಗಳಿಗೆ ಸುಂದ್ರಮ್ಮ ತಾನೇ ನಂಜನಗೂಡಿಗೆ ಬಂದಳು. ಭಾನುವಾರ, ನಾನು ಮನೆಯಲ್ಲಿದ್ದೆ. ಅಮ್ನೋರು ಚಾಪೆ ಹಾಕಿದರು. ಅವಳು ಕೂರಲಿಲ್ಲ, ಅಯ್ನೋರೂ ಕೂರಲಿಲ್ಲ.

"ಅಪ್ಪ ಓದ್ರು," ಅಂದಳು. "ಈಗ ಏಳ್ಬೋದು ನೀವು. ಆರೋ ಏಳೋ?"

"ಗೊತ್ತಿಲ್ಲ ಕಣಮ್ಮ."

"ಗೊತ್ತೇ ಇಲ್ವಾ?"

"ಇಲ್ಲ. ಇನ್ನು ಗೊತ್ತಾಗೋದೂ ಇಲ್ಲ."

ಅವಳು ಅವರ ಮುಖವನ್ನೇ ನೋಡಿದಳು. "ಇದೊಂದ್ ಮಾತ್ನ ಅವತ್ತು ಏಳಿದ್ರೆ ಸಾಕಾಗಿತ್ತು," ಅಂದಳು. ದನಿ ಏರಲಿಲ್ಲ. ಒಳಗೆ ಅಮ್ನೋರು ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

"ನಾನು ಮದ್ವೆ ಆಯ್ತೀನಿ," ಎಂದು ಅವಳೇ ಮುಂದುವರಿಸಿದಳು. ಬನ್ನೂರಿನ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ಸಿದ್ದರಾಜು. ಹೆಂಡತಿ ತೀರಿಕೊಂಡಿದ್ದಳು. ಹಸುವಿನ ಕಾಲುಬೇನೆಗೆ ಔಷಧಿ ಕೊಡಲು ಊರಿಗೆ ಬರುತ್ತಿದ್ದವನು. ಜಾತಿಯಲ್ಲಿ ಅವರು ಊರಾಚೆಯ ಕೇರಿಯವರು, ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡವರು. ಅವಳ ಅಣ್ಣ ಸುತರಾಂ ಒಪ್ಪಲಿಲ್ಲ, ಊರಿನ ಒಬ್ಬರೂ ಬರುವುದಿಲ್ಲ ಅಂದಿದ್ದರು. "ರಿಜಿಸ್ಟರ್ ಮದ್ವೆ. ಸಾಕ್ಷಿ ಸೈನ್ ಆಕಕ್ಕೆ ಮೂರ್ ಜನ ಬೇಕಂತೆ. ಅವರ ಕಡೆ ಒಬ್ರವ್ರೆ. ನನ್ ಕಡೆ ಯಾರೂ ಇಲ್ಲ. ನೀವು ಬನ್ನಿ ಬುದ್ಧಿ. ಈ ಸಾರ್ ಬಂದ್ರೆ ಅವರೂವೆ."

ಅಯ್ನೋರು ನನ್ನ ಕಡೆ ನೋಡಲಿಲ್ಲ, ಒಳಗೆ ಹೆಂಡತಿಯ ಕಡೆಯೂ ನೋಡಲಿಲ್ಲ. "ಯಾವತ್ತು?" ಅಂದರು.

ಆ ಬುಧವಾರ ನಾವು ಬೇಗನೇ ನರಸೀಪುರದ ನೋಂದಣಿ ಕಚೇರಿ ತಲುಪಿದೆವು. ಸುಂದ್ರಮ್ಮ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಸಿದ್ದರಾಜು ಮಾತು ಕಮ್ಮಿಯ ಮನುಷ್ಯ, ತನ್ನ ಹೊಸ ಅಂಗಿಯ ಕಾಲರನ್ನೇ ಎಳೆದುಕೊಳ್ಳುತ್ತಿದ್ದ. ಒಳಗಿನಿಂದ ಕರೆಯುವ ಹೊತ್ತಿಗೆ ಹತ್ತೂವರೆ ದಾಟಿ ಹನ್ನೊಂದರ ಹತ್ತಿರ ಬಂದಿತ್ತು. ನಾವು ಮೇಜಿನ ಮುಂದೆ ನಿಂತಿದ್ದಾಗ ಸುಂದ್ರಮ್ಮನ ಅಣ್ಣ ಇಬ್ಬರನ್ನು ಕರೆದುಕೊಂಡು ಒಳಗೆ ಬಂದ. ಕೂಗಾಡಲಿಲ್ಲ. ನೇರ ಅಯ್ನೋರ ಹತ್ತಿರ ಬಂದು ಕೈ ಮುಗಿದ.

"ಬುದ್ಧಿ, ನೀವಾ ಇಲ್ಲಿ?"

"ನಾನೇ ಕಣಪ್ಪ."

"ಇವತ್ತು ಬುಧವಾರ. ಈಗ ಗುಳಿಕಕಾಲ. ಈ ಒತ್ನಲ್ಲಿ ಮಾಡಿದ್ದು ತಿರುಗಾ ಆಯ್ತದೆ, ಮದ್ವೆ ಮಾಡ್ಬಾರ್ದು ಅಂತ ನಮ್ಮಪ್ಪುಂಗೆ ನೀವೇ ಏಳಿದ್ರಿ. ನಿಮ್ ಬಾಯಲ್ಲೇ ಏಳಿ, ಇದು ಯಾವ ಕಾಲ?"

ಎಲ್ಲರೂ ಅಯ್ನೋರನ್ನು ನೋಡಿದರು. ಸಿದ್ದರಾಜು ಕೂಡ. ಅಷ್ಟು ವರ್ಷ ಅವರ ಜೊತೆ ಇದ್ದ ನನಗೆ ಗೊತ್ತಿತ್ತು, ಅವನು ಕೇಳುವ ಮೊದಲೇ, ಬಹುಶಃ ಬಸ್ಸು ಇಳಿಯುವಾಗಲೇ, ಅವರು ಇದನ್ನು ಎಣಿಸಿ ಮುಗಿಸಿದ್ದರು.

"ಆಫೀಸ್ ಟೈಮು ಕಣಪ್ಪ," ಅಂದರು. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ತೋರಿಸಿದ ಜಾಗದಲ್ಲಿ ಸಹಿ ಹಾಕಿ, ಪೆನ್ನನ್ನು ನನ್ನ ಕೈಗೆ ಕೊಟ್ಟರು.

ಆ ಸಹಿಯಿಂದ ಅವರಿಗೆ ಬಹಳ ಕಷ್ಟವಾಯಿತು. ಗೃಹಪ್ರವೇಶಕ್ಕೆ, ನಾಮಕರಣಕ್ಕೆ ಕರೆಯುತ್ತಿದ್ದ ಮನೆಗಳು ಕರೆಯುವುದನ್ನು ನಿಲ್ಲಿಸಿದವು. ಅಮ್ನೋರ ತವರಿನವರು ವರ್ಷಗಟ್ಟಲೆ ಮಾತು ಬಿಟ್ಟರು. ಅಯ್ನೋರು ಅದರ ಬಗ್ಗೆ ನನ್ನ ಹತ್ತಿರ ಒಮ್ಮೆಯೂ ಮಾತೆತ್ತಲಿಲ್ಲ. ನಾನು ಕೇಳಿದರೂ ಗಿಡದ ಬುಡ ಕೆದರುತ್ತಿದ್ದರು.

ಮದುವೆಯ ಆ ಮಧ್ಯಾಹ್ನ ಸಿದ್ದರಾಜು ಮನೆಯಲ್ಲಿ ಊಟ. ನಾನು ಅಯ್ನೋರು ಬರುವುದಿಲ್ಲ ಅಂದುಕೊಂಡಿದ್ದೆ. ಹುಟ್ಟಿದಾಗಿನಿಂದ ಅವರು ಅಂಥ ಕೇರಿಯ ಕಡೆ ಕಾಲಿಟ್ಟವರಲ್ಲ, ಹೊರಗಿನವರ ಮನೆಯಲ್ಲಿ ನೀರು ಕುಡಿಯುವಾಗಲೂ ಹಿಂದು ಮುಂದು ನೋಡುತ್ತಿದ್ದವರು. ಬನ್ನೂರಿಗೆ ಹೋಗುವ ಆಟೋದಲ್ಲಿ ಎಲ್ಲರಿಗಿಂತ ಮೊದಲು ಹತ್ತಿದವರು ಅವರೇ.

ಚಿಕ್ಕ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದಕ್ಕೆ ಸೇವಂತಿಗೆ ಹಾರ. ಚಾಪೆ ಹಾಸಿ ಎಲೆ ಹಾಕಿದರು. ಸಿದ್ದರಾಜುವಿನ ಅಕ್ಕ ಪಲ್ಯ ಬಡಿಸಿದಳು. ಅನ್ನದ ಪಾತ್ರೆ ಹಿಡಿದುಕೊಂಡು ಸುಂದ್ರಮ್ಮನೇ ಬಂದಳು. ಬೆಳಗಿನಿಂದ ಅವಳು ಅಯ್ನೋರ ಜೊತೆ ಒಂದು ಮಾತೂ ಆಡಿರಲಿಲ್ಲ. ಅವರ ಎಲೆಯ ಮುಂದೆ ಬಗ್ಗಿದಾಗ ಅಯ್ನೋರು ಮೆಲ್ಲಗೆ ಕೇಳಿದರು:

"ನನ್ನ ಮೇಲೆ ಸಿಟ್ಟಿದೆಯೇನಮ್ಮ?"

ಅವಳು ಎರಡು ಸೌಟು ಅನ್ನ ಬಡಿಸಿ, ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡಳು.

"ಐತೆ ಬುದ್ಧಿ," ಅಂದಳು. "ಉಣ್ಣಿ."

ಅಯ್ನೋರು ಉಂಡರು.